ಹಾಲಿನ ಹೊಳೆ, ಹೊಗೆಯ ಕಲ್ಲು

ಪರದೇಶಕ್ಕೆ ಓದಲು ಹೋದ ಮಕ್ಕಳು ಒಂದು ದಿನ ಊರು ನೋಡಲು ಹೋದರೆಂದರೆ ಮನೆಯಲ್ಲಿ ಆಕ್ಷೇಪಣೆ ಏಳುವುದುಂಟು. ಅದಿಯಮಾನ್‌ಕೋಟೆಯ ನಮ್ಮ ಶಾಲೆಯಲ್ಲಿ ಅಕ್ಷರ ಕಲಿತ ಹುಡುಗಿಯೊಬ್ಬಳು ಈಗ ಸ್ಪೇನ್ ದೇಶದ ಮಾಲಗಾ ನಗರದಲ್ಲಿ ಉನ್ನತ ವ್ಯಾಸಂಗ ಮಾಡುತ್ತಿದ್ದಾಳೆ. ರಜೆಯ ದಿನ ಬಸ್ಸು ಹತ್ತಿ ರೊಂಡಾ ಎಂಬ ಬೆಟ್ಟದೂರಿಗೆ ಹೋಗಿ ಸಂಜೆಗೆ ಮರಳಿದ ವೃತ್ತಾಂತವನ್ನು ಆಕೆ ಫೋನಿನಲ್ಲಿ ಬರೆದು ಕಳುಹಿಸಿದ್ದಳು. ತಂದೆಗೆ ಸಂತೋಷಕ್ಕಿಂತ ಮೊದಲು ಬಸ್ಸಿನ ಚಾರ್ಜಿನ ಚಿಂತೆ ಹತ್ತಿತು. ತಪ್ಪೆನ್ನಲಾರೆವು, ಬ್ಯಾಂಕಿನ ಕಂತು ಕಟ್ಟುವವರು ಅವರು.

ಆ ಬರಹ ನಮ್ಮ ಕೈಗೂ ಬಂದಿತು. ಮಾತು ಮನೆಯ ಕನ್ನಡ, ಲಿಪಿ ತಮಿಳು. ತಮಿಳು ಮಾಧ್ಯಮದಲ್ಲಿ ಓದಿದ ನಮ್ಮ ಕಡೆಯ ಮಕ್ಕಳಿಗೆ ಬೇರೆ ಉಪಾಯವಿಲ್ಲ. ತಮಿಳಿನಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರವಾದುದರಿಂದ, ಸೇತುವೆಯ ಮೇಲೆ ‘ಕಾಳಿ’ ಬಲವಾಗಿ ಬೀಸುತ್ತಿತ್ತೆಂದು ಮೊದಲು ಕಣ್ಣಿಗೆ ಕಂಡಿತು. ಬಾಯಿಬಿಟ್ಟು ಓದಿದ ಮೇಲೆ ಅದು ಗಾಳಿಯೆಂದು ತಿಳಿಯಿತು. ಮನೆಯವರೆಲ್ಲ ನಕ್ಕರು. ನಮಗೆ ನಗುವಿನ ಜೊತೆಗೆ ಬೇರೊಂದು ಯೋಚನೆಯೂ ಬಂದಿತು; ಅದನ್ನು ಮುಂದೆ ಹೇಳುತ್ತೇವೆ.

ರೊಂಡಾ ಸ್ಪೇನಿನ ದಕ್ಷಿಣ ಭಾಗದಲ್ಲಿರುವ ಊರು. ಆಳವಾದ ಕಮರಿಯೊಂದು ಅದನ್ನು ಇಬ್ಭಾಗವಾಗಿ ಸೀಳಿದೆ. ಎರಡು ದಡಗಳನ್ನು ಕೂಡಿಸಲು 1735ರಲ್ಲಿ ಕಟ್ಟಿದ ಸೇತುವೆ ಆರೇ ವರ್ಷದಲ್ಲಿ ಕುಸಿದು ಸುಮಾರು 50 ಮಂದಿ ಸತ್ತರು. ಈಗಿರುವ ಕಲ್ಲಿನ ಸೇತುವೆ 1793ರಲ್ಲಿ ಮುಗಿಯಿತು. ಎತ್ತರ 98 ಮೀಟರು. ಇನ್ನೂರು ವರ್ಷ ಮೀರಿದರೂ ಅದಕ್ಕೆ ಇಂದಿಗೂ ಹೊಸ ಸೇತುವೆಯೆಂದೇ ಹೆಸರು. ಗೂಳಿಕಾಳಗದ ಪ್ರಸಿದ್ಧ ಅಂಗಣವೂ ಅಲ್ಲಿದೆ. ಅದನ್ನು ಹೊರಗಿನಿಂದ ನೋಡಿ ಬಂದಳಂತೆ. ಟಿಕೆಟ್ಟಿನ ಹಣ ಉಳಿಯಿತೆಂದು ತಂದೆಗೆ ಸಮಾಧಾನ.

ಆದರೆ ಹುಡುಗಿ ಹೆಚ್ಚು ಬರೆದಿದ್ದುದು ಸೇತುವೆಯ ವಿಚಾರವಲ್ಲ, ಅದರ ಕೆಳಗೆ ಹರಿಯುವ ಹೊಳೆಯ ವಿಚಾರ. ಹೊಳೆಯ ಹೆಸರು ಗ್ವಾದಲೆವಿನ್. ಶತಮಾನಗಳ ಕಾಲ ಆ ಊರು ಅರಬ್ಬೀ ಮಾತಾಡುವ ಮುಸಲ್ಮಾನ ದೊರೆಗಳ ಕೈಯಲ್ಲಿತ್ತು. ಅರಬ್ಬೀಯಲ್ಲಿ ವಾದಿ ಎಂದರೆ ಹೊಳೆಯ ಕಣಿವೆ, ಲಬನ್ ಎಂದರೆ ಹಾಲು. ಹಾಲಿನ ಹೊಳೆಯೆಂದು ಹೆಸರಿಗೆ ಅರ್ಥ ಹೇಳುತ್ತಾರೆ. 1485ರಲ್ಲಿ ಕ್ರೈಸ್ತ ಅರಸರು ಊರನ್ನು ಮುತ್ತಿದರು. ಬಂಡೆಯೊಳಗೆ ಕೊರೆದ ಮೆಟ್ಟಿಲುಗಳಿಂದ ಹೊಳೆಗಿಳಿದು ನೀರು ಹೊರುತ್ತಿದ್ದ ದಾರಿಯನ್ನು ಶತ್ರುಗಳು ಕಟ್ಟಿಹಾಕಿದಾಗ ಊರು ಶರಣಾಯಿತು. ಆಳುವವರು ಬದಲಾದರು, ಜನರ ಮಾತು ಬದಲಾಯಿತು, ಹೊಳೆಯ ಹೆಸರು ಮಾತ್ರ ಹಾಗೆಯೇ ನಿಂತಿತು. “ಸಾರ್, ಇದೂ ಒಂದು ಪಾಲಾರು” ಎಂದು ಹುಡುಗಿ ಬರೆದಿದ್ದಳು.

ಆ ಒಂದು ಸಾಲಿಗಾಗಿ ಬಸ್ಸಿನ ಚಾರ್ಜು ಸಂದಿತೆಂದು ತಂದೆಗೆ ಹೇಳಿದೆವು. ನಂದಿಬೆಟ್ಟದ ಕಡೆ ಹುಟ್ಟಿ, ಕೋಲಾರವನ್ನು ದಾಟಿ ತಮಿಳುನಾಡಿಗೆ ಇಳಿಯುವ, ವರ್ಷದ ಬಹುಕಾಲ ಮರಳೇ ಕಾಣುವ ಪಾಲಾರಿನ ಹೆಸರೂ ಹಾಲಿನ ಹೊಳೆಯೆಂದೇ. ಅವರು ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ಬರಹವನ್ನು ಮಾತ್ರ ಇನ್ನೊಮ್ಮೆ ಓದಿಸಿ ಕೇಳಿದರು.

ಹೆಸರನ್ನು ಹೀಗೆ ಬಿಡಿಸಿ ನೋಡುವ ಅಭ್ಯಾಸ ಆಕೆಗೆ ಎಲ್ಲಿಂದ ಬಂದಿತೆಂಬುದನ್ನು ನಾವು ಬಲ್ಲೆವು. ಐದನೆಯ ತರಗತಿಯಲ್ಲಿ ಮಕ್ಕಳನ್ನು ಒಂದು ದಿನದ ಪ್ರವಾಸಕ್ಕೆ ಹೊಗೆನಕಲ್ಲಿಗೆ ಕರೆದೊಯ್ದಿದ್ದೆವು. ಜಲಪಾತದ ತುಂತುರು ಹೊಗೆಯಂತೆ ಮೇಲೇಳುತ್ತಿತ್ತು. ಹೆಸರಿನ ಅರ್ಥವೇನೆಂದು ಕೇಳಿದಾಗ ತಮಿಳು ಮನೆಯ ಮಕ್ಕಳು ‘ಕಲ್’ ಎಂಬುದನ್ನು ಗುರುತಿಸಿದರು. ‘ಹೊಗೆ’ ಎಂಬುದನ್ನು ಕನ್ನಡ ಮನೆಯ ಮಕ್ಕಳು ಬಿಡಿಸಿದರು. ತಮಿಳಿನ ಪುಗೈ, ಹಳಗನ್ನಡದ ಪೊಗೆ, ಇಂದಿನ ಹೊಗೆ. ಅವರ ಪಾಲ್, ನಮ್ಮ ಹಾಲು. ನಾವು ಹರಿಗೋಲೆನ್ನುವುದನ್ನು ಅವರು ಪರಿಸಲ್ ಎನ್ನುತ್ತಾರೆ. ಆ ದಿನ ಎರಡು ಮನೆಮಾತಿನ ಮಕ್ಕಳೂ ಒಂದೇ ಪರಿಸಲಿನಲ್ಲಿ ಕುಳಿತು ಪಕಾರ ಹಕಾರಗಳ ಆಟವಾಡಿದರು. ವ್ಯಾಕರಣ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಕೊಠಡಿ ನಮಗೆ ದೊರೆತಿಲ್ಲ.

ಹೊಗೆನಕಲ್ಲಿನ ಹೆಸರು ಹೇಳಿದೊಡನೆ ವಾಚಕರಿಗೆ ಬೇರೆಯದೂ ನೆನಪಾದೀತು. 2008ರಲ್ಲಿ ಅಲ್ಲಿಯ ಕುಡಿಯುವ ನೀರಿನ ಯೋಜನೆಯ ಸಂಬಂಧ ಎರಡು ರಾಜ್ಯಗಳ ನಡುವೆ ವಿವಾದವೆದ್ದಾಗ, ನೀವು ಯಾವ ಕಡೆಯವರೆಂದು ನಮ್ಮನ್ನು ಕೇಳಿದವರುಂಟು. ಧರ್ಮಪುರಿ ಜಿಲ್ಲೆಯ ಅನೇಕ ಊರುಗಳ ಬಾವಿನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕಂದು ಕಲೆ ಹಿಡಿದ ಹಲ್ಲುಗಳನ್ನು ತರಗತಿಯಲ್ಲಿ ದಿನವೂ ಕಾಣುವ ಉಪಾಧ್ಯಾಯರಿಗೆ ಆ ಪ್ರಶ್ನೆಗೆ ಉತ್ತರ ಹುಡುಕುವ ಕಷ್ಟವಿರಲಿಲ್ಲ. 2013ರಲ್ಲಿ ಯೋಜನೆ ಆರಂಭವಾಯಿತು. ಕನ್ನಡದ ಹೆಸರುಳ್ಳ ಕಲ್ಲಿನ ಬಳಿಯ ನೀರನ್ನು ಎರಡು ಮಾತಿನ ಮಕ್ಕಳೂ ಕುಡಿಯುತ್ತಿದ್ದಾರೆ.

ಈಗ ಗಾಳಿ ಕಾಳಿಯಾದ ವಿಚಾರ. ಮನೆಯಲ್ಲಿ ಕನ್ನಡವಾಡುವ ಮಗು ಕನ್ನಡದ ಅಕ್ಷರವನ್ನು ಕಾಣದೆಯೇ ಬೆಳೆದರೆ, ಮಾತು ಮೊಮ್ಮಕ್ಕಳ ಕಾಲದವರೆಗೆ ಉಳಿಯುವುದೆಂಬ ಭರವಸೆ ನಮಗಿಲ್ಲ. ಶಾಲೆಯಲ್ಲಿ ತಮಿಳು ಚೆನ್ನಾಗಿ ಕಲಿಯಲಿ, ಕಲಿಸುವವರೂ ನಾವೇ. ಆದರೆ ರಾತ್ರಿ ಊಟದ ಮೊದಲು ಅರ್ಧ ಗಂಟೆ ವರ್ಣಮಾಲೆಗೆ ಮೀಸಲಿಡಲು ತಾಯಿತಂದೆಯರಿಗೆ ಯಾವ ಸರ್ಕಾರದ ಅಪ್ಪಣೆಯೂ ಬೇಕಿಲ್ಲ. ಸ್ಪೇನಿನ ಹುಡುಗಿ ತಾನಾಗಿಯೇ ಅಕ್ಷರ ಕಳುಹಿಸಿರೆಂದು ಕೇಳಿದ್ದಾಳೆ; ವಾರಕ್ಕೆ ಐದರಂತೆ ಕಳುಹಿಸುತ್ತಿದ್ದೇವೆ.

ಇಲ್ಲಿಯ ಮಕ್ಕಳಿಗೆ ಈ ವರ್ಷ ಬಸ್ಸಿಲ್ಲದ ಪ್ರವಾಸವೊಂದನ್ನು ಗೊತ್ತುಮಾಡಿದ್ದೇವೆ: ನಮ್ಮೂರಿನ ಚೆನ್ನರಾಯ ಪೆರುಮಾಳ್ ದೇವಾಲಯ. ಹಳೆಯ ಚಿತ್ರಗಳಿಗಾಗಿ ಹೊರಗಿನವರು ಅದನ್ನು ನೋಡಲು ಬರುತ್ತಾರೆ. ಊರ ಮಕ್ಕಳು ತಲೆಯೆತ್ತಿ ನೋಡಿದ್ದು ಕಡಮೆ. ದೇವರ ಹೆಸರಿನ ಯಾವ ಭಾಗ ಯಾವ ಮಾತಿನದೆಂದು ಮನೆಯ ಹಿರಿಯರನ್ನು ಕೇಳಿಕೊಂಡು ಬರಬೇಕೆಂದು ತಿಳಿಸಿದ್ದೇವೆ. ಬುತ್ತಿ ಅವರವರ ಮನೆಯಿಂದಲೇ.