ಅಜ್ಞಾನವೋ, ಅಲಭ್ಯತೆಯೋ?

2018ರಲ್ಲಿ ಆರಂಭವಾದ ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಯೋಜನೆಯು ಬಡಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಉಚಿತ ಚಿಕಿತ್ಸೆಯನ್ನು ಒದಗಿಸಿರುವುದರಿಂದ, ಇನ್ನೂ ಚಿಕಿತ್ಸೆ ಪಡೆಯದವರ ದುರವಸ್ಥೆಗೆ ಅವರ ಅಜ್ಞಾನವೇ ಕಾರಣವೆಂಬ ವಾದವು ಪತ್ರಿಕೆಗಳಲ್ಲಿ ಮುದ್ರಿತವಾಗುತ್ತಿದೆ. ಯೋಜನೆಯ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಈ ನಿರ್ಣಯವು ಏಕಪಕ್ಷೀಯವಾದುದು.

ಮೊದಲನೆಯದಾಗಿ, ಯೋಜನೆಯ ಹಣವು ಮುಖ್ಯವಾಗಿ ಒಳರೋಗಿಗೆ ಸಲ್ಲುವುದೇ ಹೊರತು ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ನಿತ್ಯದ ಗುಳಿಗೆಗಲ್ಲ. ಎರಡನೆಯದಾಗಿ, ತುರ್ತು ಸಂದರ್ಭವನ್ನುಳಿದು ಖಾಸಗಿ ಆಸ್ಪತ್ರೆಗೆ ಸೇರಲು ಸರಕಾರಿ ಆಸ್ಪತ್ರೆಯ ಶಿಫಾರಸು ಬೇಕು. ರೋಣ ತಾಲ್ಲೂಕಿನ ಹೊಳೆಮಣ್ಣೂರಿನ ಕೂಲಿಕಾರನು ಅದಕ್ಕಾಗಿ ರೋಣಕ್ಕೂ ಗದಗಕ್ಕೂ ಅಲೆಯುವ ಪ್ರತಿಯೊಂದು ದಿನವೂ ಕೂಲಿಯಿಲ್ಲದ ದಿನ, ಬಸ್ಸಿನ ಖರ್ಚೂ ಅವನದೇ. ಮೂರನೆಯದಾಗಿ, 2009 ಮತ್ತು 2019ರಲ್ಲಿ ಮಲಪ್ರಭೆಯು ಉಕ್ಕಿ ಈ ಹೊಳೆದಂಡೆಯ ಊರುಗಳು ಜಲಾವೃತವಾದುವಷ್ಟೆ. ಅಂಥ ವಿಪತ್ತಿನಲ್ಲಿ ಮನೆಯೊಂದಿಗೆ ಪಡಿತರ ಚೀಟಿಯನ್ನೂ ಕಳೆದುಕೊಂಡವನು ತನ್ನ ಬಡತನವನ್ನು ಯಾವ ಕಾಗದದಿಂದ ಸಾಬೀತುಪಡಿಸಬೇಕು?

ಆರೋಗ್ಯ ವೆಚ್ಚದ ಮೂರರಲ್ಲಿ ಎರಡು ಪಾಲು ಪ್ರಾಥಮಿಕ ಚಿಕಿತ್ಸೆಗೆ ಸಲ್ಲಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿಯೇ ಆಶಿಸಿರುವಾಗ, ಹಳ್ಳಿಗೆ ಸಮೀಪವಾದ ಆರೋಗ್ಯ ಕೇಂದ್ರಕ್ಕೆ ವೈದ್ಯರನ್ನೂ ಔಷಧಿಯನ್ನೂ ತಪ್ಪದೆ ಒದಗಿಸುವುದು ಸರ್ಕಾರದ ಪ್ರಥಮ ಕರ್ತವ್ಯ. ಅದು ನೆರವೇರಿದ ಬಳಿಕವೂ ಜನರು ಬಾರದಿದ್ದರೆ, ಆಗ ಅಜ್ಞಾನದ ಮಾತನ್ನೆತ್ತುವುದು ನ್ಯಾಯವಾದೀತು.