ಹೊಳೆಯ ದಂಡೆಯೂ ಹೆಣ್ಣುಮಕ್ಕಳ ಮಾತೂ

ದೇವಸುಗೂರಿನ ಹೊಳೆಯ ದಂಡೆಯನ್ನು ಕಾಣದ ಪೂರ್ವವಿದ್ಯಾರ್ಥಿನಿಯರು ನಮ್ಮಲ್ಲಿ ವಿರಳರೆಂದೇ ಹೇಳಬೇಕು. ಸುಗೂರೇಶ್ವರನ ಗುಡಿ, ನಿಜಾಮರ ಕಾಲದ ಕಮಾನು ಸೇತುವೆ, ಸಮೀಪದಲ್ಲಿಯೇ 1985ರಲ್ಲಿ ಮೊದಲ ಘಟಕವು ಆರಂಭಗೊಂಡ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಹೊಗೆಕೊಳವೆಗಳು, ಇವೆಲ್ಲಕ್ಕೂ ಆಸರೆಯಾದ ಕೃಷ್ಣೆ. ಈ ದಂಡೆಯು ಯಾರದು? ಕಾಗದಪತ್ರಗಳಲ್ಲಿ ಯಾರ ಹೆಸರಾದರೂ ಇರಲಿ. ಬಟ್ಟೆಯ ಗಂಟು ಹೊತ್ತು ಇಳಿಯುವವಳೂ, ಜಾತ್ರೆಗೆ ಬಂದು ಮಕ್ಕಳ ಮೈ ತೊಳೆಯುವ ತಾಯಿಯೂ ಇಂಥ ದಂಡೆಯ ಕಲ್ಲುಮುಳ್ಳುಗಳನ್ನು ಅಂಗಾಲಿನಿಂದಲೇ ಅರಿತವರಷ್ಟೆ.

ಆದರೆ ಸ್ನಾನಘಟ್ಟ, ಮೈದಾನ, ಉದ್ಯಾನವನ ಮೊದಲಾದುವುಗಳ ನಕ್ಷೆಯನ್ನು ಬರೆಯುವಾಗ ಇಂಥವರನ್ನು ಕೇಳುವ ವಾಡಿಕೆಯು ನಮ್ಮ ನಾಡಿನಲ್ಲಿ ಇನ್ನೂ ಬೇರೂರಿಲ್ಲ. ಮೊದಲು ಕಟ್ಟುವುದು, ಆಮೇಲೆ ಜನರನ್ನು ಉದ್ಘಾಟನೆಗೆ ಕರೆಯುವುದು! ಮೆಟ್ಟಿಲು ಎತ್ತರವಾಯಿತೆಂಬುದನ್ನು ತುಂಬಿದ ಕೊಡ ಹೊತ್ತವಳ ಮೊಣಕಾಲು ಹೇಳುವುದೇ ಹೊರತು ಅಳತೆಗೋಲು ಹೇಳಲಾರದು. ಸೀರೆ ಬದಲಿಸಲು ಮರೆಯು ಎಲ್ಲಿರಬೇಕು, ಹೊತ್ತು ಮುಳುಗಿದ ಮೇಲೆ ದೀಪವು ಯಾವ ತಿರುವಿನಲ್ಲಿ ಬೇಕು, ರಾಯಚೂರಿನ ಬೇಸಗೆಯಲ್ಲಿ ಮಧ್ಯಾಹ್ನ 3 ಗಂಟೆಗೆ ಬೇವಿನ ನೆರಳು ಎತ್ತ ಸರಿಯುವುದು—ಇವನ್ನು ಅಲ್ಲಿ ನಿತ್ಯವೂ ನಡೆದಾಡುವವರೇ ಹೇಳಬೇಕು. ಎಲ್ಲರನ್ನೂ ಕೇಳುತ್ತ ಕುಳಿತರೆ ಕೆಲಸವು ತಡವಾಗುವುದೆಂಬ ಆಕ್ಷೇಪವು ನಿಜವೇ. ಕಟ್ಟಿದ ಮೇಲೆ ಯಾರೂ ಬಳಸದ ಮೆಟ್ಟಿಲನ್ನು ಒಡೆದು ಕಟ್ಟುವುದಕ್ಕೆ ಅದಕ್ಕಿಂತಲೂ ಹೆಚ್ಚು ಕಾಲ ಹಿಡಿಯುವುದೆಂದು ನಾವು ಬಲ್ಲೆವು.

ಮಕ್ಕಳಿಗೆ ಇದೆಲ್ಲ ತಿಳಿಯುವುದೆ ಎಂದು ಕೆಲವರು ಕೇಳುವರು. ದೂರದ ಕುಂದಾಪುರ ತಾಲ್ಲೂಕಿನ ಹಳ್ಳಿಗಳನ್ನು ನೋಡಿರಿ. ಅಲ್ಲಿ 1995ರಲ್ಲಿ ಮಕ್ಕಳ ಪಂಚಾಯತಿಗಳು ಆರಂಭವಾದುವು. ಓದುವ ಮಕ್ಕಳೊಡನೆ ದುಡಿಯುವ ಮಕ್ಕಳೂ ಕೂಡಿ ಊರಿನ ಕುಂದುಕೊರತೆಗಳನ್ನು ವಿಚಾರಿಸಿದರು. ಮಳೆಗಾಲದಲ್ಲಿ ತುಂಬಿ ಹರಿಯುವ ಹಳ್ಳಗಳನ್ನು ದಾಟಲು ಕಾಲುಸಂಕಗಳು ಬೇಕೆಂದು ಹಿರಿಯರ ಮುಂದೆ ಇಟ್ಟರು. ಹಿರಿಯರಾದರೋ ಅದೇ ಹಳ್ಳಗಳನ್ನು ವರುಷಗಟ್ಟಲೆ ದಾಟಿದವರು. ಪುಸ್ತಕದ ಚೀಲ ಹೊತ್ತ ಚಿಕ್ಕ ಕಾಲುಗಳಿಗೆ ನೀರಿನ ಸೆಳೆತವು ಎಷ್ಟೆಂಬುದು ಅವರಿಗೆ ಮರೆತಿತ್ತೇನೋ!

ನಮ್ಮ ರಾಜ್ಯದ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು 2010ರ ತಿದ್ದುಪಡಿಯಿಂದ ಸ್ತ್ರೀಯರಿಗೆ ಮೀಸಲಾಗಿವೆ. ಮಹಿಳಾ ಗ್ರಾಮಸಭೆ, ಮಕ್ಕಳ ಗ್ರಾಮಸಭೆಗಳನ್ನು ನಡೆಸುವ ಪದ್ಧತಿಯೂ ಉಂಟು. ಬಾಗಿಲು ತೆರೆದಿರುವಾಗ, ಹೋಗಿ ರುಜು ಹಾಕಿ ಮೌನವಾಗಿ ಮರಳುವುದು ವಿದ್ಯೆ ಕಲಿತವರಿಗೆ ಭೂಷಣವೆ? ಪೂರ್ವವಿದ್ಯಾರ್ಥಿನಿಯರು ಅಲ್ಲಿ ಎದ್ದು ನಿಂತು, ಘಟ್ಟವನ್ನು ಕಟ್ಟುವ ಮೊದಲೇ ಅದರ ನಕ್ಷೆಯನ್ನು ಕೇಳಿ ನೋಡಬೇಕು. ಪೋಷಕರಲ್ಲಿ ನಮ್ಮದೊಂದು ಬಿನ್ನಹ: ಬರುವ ಸಭೆಗೆ ತಾವು ಹೋಗುವಾಗ ಮಗಳನ್ನೂ ಜೊತೆಯಲ್ಲಿ ಕರೆದೊಯ್ಯಿರಿ, ಅವಳು ಮಾತನಾಡತೊಡಗಿದಾಗ ಸುಮ್ಮನಿರೆಂದು ಕಣ್ಸನ್ನೆ ಮಾಡದಿರಿ.