ಮದರ್‌ಬೋರ್ಡಿನ ಎಂಟು ಕಾಲಿನ ಜೀವ

ಏಪ್ರಿಲ್ ತಿಂಗಳ ಒಂದು ಸಂಜೆ. ಬನಶಂಕರಿ ಎರಡನೆಯ ಹಂತದ ಮನೆಯೊಂದರಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮಗ ಕಂಪ್ಯೂಟರಿನ ಮುಂದೆ ಕುಳಿತಿದ್ದಾನೆ. ಹೊಸ ಪ್ರೊಸೆಸರನ್ನು ಕೊಂಡು ತಂದಾಗಿದೆ. ಹಳೆಯ ಮದರ್‌ಬೋರ್ಡು ಅದನ್ನು ಗುರುತಿಸಬೇಕಾದರೆ ಬಯಾಸನ್ನು ಹೊಸದಾಗಿ ಬರೆಯಬೇಕು. ತಾಯಿ ನಾಲ್ಕಾರು ಅಂಗಡಿಗಳ ಲೆಕ್ಕ ಬರೆದು ಸಂಸಾರಕ್ಕೆ ಆಸರೆಯಾಗಿರುವುದೂ ಇದೇ ಯಂತ್ರದಿಂದಲೇ. ಹೊರಗೆ ಮೋಡ ಕವಿದು ಗುಡುಗು ಕೇಳಿಬರುತ್ತಿದೆ.

“ಈಗಲೇ ಆಗಬೇಕೇನೋ?” ಎಂದು ತಾಯಿ ಕೇಳುತ್ತಾರೆ.

“ಎರಡು ನಿಮಿಷದ ಕೆಲಸ, ಅಮ್ಮಾ” ಎಂಬುದು ಮಗನ ಉತ್ತರ.

ಆ ಎರಡು ನಿಮಿಷಗಳಲ್ಲಿ ನಡೆಯುವುದೇನೆಂದು ತಿಳಿದವರಿಗೆ ತಾಯಿಯ ಆತಂಕ ನಿರಾಧಾರವೆಂದು ತೋರದು. ಗುಂಡಿ ಒತ್ತಿದೊಡನೆ ಕಂಪ್ಯೂಟರನ್ನು ಎಚ್ಚರಿಸುವುದು ವಿಂಡೋಸ್ ಅಲ್ಲ. ಮದರ್‌ಬೋರ್ಡಿನ ಮೇಲೆ, ಸಾಮಾನ್ಯವಾಗಿ ಎಂಟು ಕಾಲುಗಳುಳ್ಳ, ಕಿರುಬೆರಳ ಉಗುರಿಗಿಂತಲೂ ಚಿಕ್ಕದಾದ ಚಿಪ್ ಒಂದರಲ್ಲಿ ಅಡಗಿರುವ ಪ್ರೋಗ್ರಾಂ. ಹೊಸದನ್ನು ಬರೆಯಬೇಕಾದರೆ ಮೊದಲು ಹಳೆಯದನ್ನು ಅಳಿಸಬೇಕು. ಅಳಿಸಿ ಬರೆಯುವ ನಡುವೆ ವಿದ್ಯುತ್ತು ಕಡಿದುಹೋಯಿತೆಂದರೆ ಯಂತ್ರವನ್ನು ಎಬ್ಬಿಸುವವರೇ ಇಲ್ಲವಾಗುತ್ತಾರೆ.

ಹಿಂದೆ ಈ ಭಯವಿರಲಿಲ್ಲ. 1981ರ ಐಬಿಎಂ ಪಿಸಿಯಲ್ಲಿ ಬಯಾಸ್ ಅಳಿಸಲಾಗದ ಚಿಪ್‌ನಲ್ಲಿ ಅಚ್ಚಾಗಿತ್ತು. 1990ರ ದಶಕದಲ್ಲಿ ಫ್ಲ್ಯಾಶ್ ಚಿಪ್ ಬಳಕೆಗೆ ಬಂದು, ಕುಳಿತಲ್ಲಿಂದಲೇ ಅದನ್ನು ತಿದ್ದುವುದು ಸಾಧ್ಯವಾಯಿತು. ಆ ಅನುಕೂಲದ ಬೆನ್ನಿಗೇ ಅಪಾಯವೂ ಬಂದಿತು. 1999ರ ಏಪ್ರಿಲ್ 26ರಂದು ಸಿಐಎಚ್ ಎಂಬ ವೈರಸ್ ಸಿಡಿದು, ಏಷ್ಯದ ಅನೇಕ ದೇಶಗಳಲ್ಲಿ ಡಿಸ್ಕಿನ ಮಾಹಿತಿಯನ್ನು ಹಾಳುಗೆಡವಿತಲ್ಲದೆ, ಕೆಲವು ಯಂತ್ರಗಳ ಬಯಾಸನ್ನೂ ಕೆಡಿಸಿ ಅವನ್ನು ನಿಶ್ಚೇಷ್ಟಿತಗೊಳಿಸಿತು. ಅಂದು ವೈರಸ್ ಮಾಡಿದ್ದನ್ನು ಇಂದು ಅವಸರವೊಂದೇ ಮಾಡಬಲ್ಲದು.

ಆದುದರಿಂದ ಮೊದಲ ಪ್ರಶ್ನೆ, ಈ ಕೆಲಸ ಅಗತ್ಯವೇ ಎಂಬುದು. ಭದ್ರತೆಯ ಲೋಪ ಮುಚ್ಚಬೇಕಾಗಿದ್ದರೆ ಅಥವಾ ಹೊಸ ಪ್ರೊಸೆಸರಿಗೆ ಬೇಕಾಗಿದ್ದರೆ ಸರಿ. ‘ಹೊಸದು ಬಂದಿದೆ’ ಎಂಬುದಷ್ಟೇ ಕಾರಣವಾಗದು. ಎರಡನೆಯದು, ಬೋರ್ಡಿನ ಗುರುತು. ಮಾದರಿಯ ಹೆಸರೊಂದೇ ಸಾಲದು. ಬೋರ್ಡಿನ ಮೇಲೆ ಅಚ್ಚಾಗಿರುವ ರಿವಿಷನ್ ಸಂಖ್ಯೆಯೂ ಹೊಂದಬೇಕು. ಫೈಲನ್ನು ತಯಾರಕರ ತಾಣದಿಂದಲೇ ಪಡೆಯಬೇಕು. ಬರೆಯುವ ಕೆಲಸವನ್ನು ವಿಂಡೋಸಿನೊಳಗಿಂದ ಮಾಡುವುದಕ್ಕಿಂತ, ಬಯಾಸಿನಲ್ಲೇ ಅದಕ್ಕೆಂದು ಸಲಕರಣೆಯಿದ್ದರೆ ಅದರಿಂದ ಮಾಡುವುದು ಲೇಸು. ಬಿಟ್‌ಲಾಕರ್ ಹಾಕಿದ್ದರೆ ಮುಂಚೆಯೇ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿ, 48 ಅಂಕಿಗಳ ಕೀಲಿಯನ್ನು ಕಾಗದದ ಮೇಲೆ ಬರೆದಿಡಬೇಕು. ಇಲ್ಲವಾದರೆ ಬಯಾಸ್ ಚೆನ್ನಾಗಿಯೇ ಕುಳಿತರೂ ಲೆಕ್ಕದ ಪುಸ್ತಕ ಬಾಗಿಲು ತೆರೆಯದಿರಬಹುದು.

ಫ್ಲ್ಯಾಶ್‌ರಾಮ್‌ನಂಥ ಆಳದ ಸಲಕರಣೆಗಳನ್ನು ಹಿಡಿಯುವವರಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಬರೆಯುವ ಮುನ್ನ ಚಿಪ್‌ನಲ್ಲಿರುವುದನ್ನು ಎರಡು ಬಾರಿ ಓದಿಸಿ, ಎರಡು ಪ್ರತಿಗಳೂ ಅಕ್ಷರಶಃ ಒಂದೇ ಎಂಬುದನ್ನು ಖಚಿತಪಡಿಸಿಕೊಂಡು, ಒಂದನ್ನು ಬೇರೆ ಕಡೆ ಕಾಪಿಡಬೇಕು. ಅನೇಕ ಬೋರ್ಡುಗಳ ಕ್ರಮಸಂಖ್ಯೆ, ಲ್ಯಾಪ್‌ಟಾಪುಗಳ ವಿಂಡೋಸ್ ಪರವಾನಗಿಯ ಕೀಲಿ ಮೊದಲಾದವು ಇರುವುದು ಈ ಚಿಪ್‌ನಲ್ಲೇ. ಪಕ್ಕದ ಮನೆಯವರ ಪ್ರತಿಯನ್ನು ತಂದು ತುಂಬಿದರೆ ಯಂತ್ರ ಎಚ್ಚೆತ್ತರೂ ತನ್ನ ಗುರುತನ್ನು ಮರೆತಿರುತ್ತದೆ. ಹೊರಗಿನಿಂದ ಕ್ಲಿಪ್ ಹಾಕುವವರು ಬ್ಯಾಟರಿ, ಚಾರ್ಜರ್ ಎರಡನ್ನೂ ಬಿಡಿಸಿರಬೇಕು; ಚಿಪ್ 1.8 ವೋಲ್ಟಿನದೋ 3.3 ವೋಲ್ಟಿನದೋ ಎಂದು ನೋಡಿಕೊಂಡಿರಬೇಕು. 1.8ರದಕ್ಕೆ 3.3 ಕೊಟ್ಟರೆ ಚಿಪ್ ಸುಟ್ಟುಹೋದೀತು.

ಇನ್ನು ವಿದ್ಯುತ್ತಿನ ಮಾತು. ಜಯನಗರ, ಬನಶಂಕರಿಗಳ ಸಾಲುಮರಗಳು ಬೇಸಗೆಯಲ್ಲಿ ತಂಪು ನೀಡುವುದೇನೋ ನಿಜ; ಏಪ್ರಿಲ್-ಮೇ ತಿಂಗಳ ಸಂಜೆಯ ಗಾಳಿಮಳೆಗೆ ಅವುಗಳ ಕೊಂಬೆ ತಂತಿಯ ಮೇಲೆ ಬೀಳುವುದೂ ಅಷ್ಟೇ ನಿಜ. ಯುಪಿಎಸ್ ಇಲ್ಲದ ಮೇಜಿನ ಕಂಪ್ಯೂಟರಿನಲ್ಲಿ ಅಂಥ ಸಂಜೆ ಈ ಕೆಲಸಕ್ಕೆ ಕೈಹಾಕಬಾರದು. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ತುಂಬಿರಬೇಕು, ಚಾರ್ಜರೂ ಜೊತೆಗಿರಬೇಕು. ಬರೆಯುವಾಗ ಪರದೆ ಕಪ್ಪಾದರೂ ಗಾಬರಿಯಿಂದ ಗುಂಡಿ ಒತ್ತಬಾರದು, ತಾಳ್ಮೆಯಿಂದ ಕಾಯಬೇಕು. ಎರಡು ಬಯಾಸ್ ಇರುವ ಬೋರ್ಡುಗಳಿಗೂ, ಯುಎಸ್‌ಬಿಯಿಂದಲೇ ಬಯಾಸನ್ನು ಮರಳಿ ತುಂಬಿಕೊಳ್ಳುವ ಗುಂಡಿಯಿರುವ ಬೋರ್ಡುಗಳಿಗೂ ಕೆಟ್ಟರೆ ಮತ್ತೊಂದು ದಾರಿಯಿದೆ. ಎಲ್ಲ ಬೋರ್ಡುಗಳಿಗೂ ಆ ಭಾಗ್ಯವಿಲ್ಲ.

ಬನಶಂಕರಿಯ ಆ ಮನೆಯಲ್ಲಿ ಮಗ ಗುಂಡಿ ಒತ್ತುವ ಮೊದಲೇ ದೀಪ ಆರಿತು. ಕತ್ತಲೆಯಲ್ಲಿ ಅವನು ಬಹಳ ಹೊತ್ತು ಮಾತನಾಡಲಿಲ್ಲ. ಮರುದಿನ ಬೆಳಗ್ಗೆ ಸ್ನೇಹಿತನ ಮನೆಯಿಂದ ಯುಪಿಎಸ್ ತಂದು, ತಾಯಿಯ ಲೆಕ್ಕಗಳ ಪ್ರತಿಯನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡ ಮೇಲೆಯೇ ಕೆಲಸಕ್ಕೆ ಕುಳಿತ. ಅವನು ಹೇಳಿದಂತೆ ಎರಡು ನಿಮಿಷವಲ್ಲ, ಐದು ನಿಮಿಷ ಹಿಡಿಯಿತು. ಸಂಜೆ ತಾಯಿ ಎಂದಿನಂತೆ ಲೆಕ್ಕ ತೆರೆದರು.